ಒಂದೇ ಮಳೆಮಾಪಕ, ಎರಡು ಊರು: ತೀರ್ಥಹಳ್ಳಿಯಲ್ಲಿ ತುಂಬಿ ಹರಿಯಿತು, ಚಳ್ಳಕೆರೆಯಲ್ಲಿ ಬಿಸಿಲಿಗೆ ಒಡೆಯಿತು

2023ರ ಮೇ ತಿಂಗಳಲ್ಲಿ ಆನ್‌ಲೈನಲ್ಲಿ ಎರಡು ಪ್ಲಾಸ್ಟಿಕ್ ಮಳೆಮಾಪಕ ತರಿಸಿದೆ. ನನಗೆ ಬೇಕಾಗಿದ್ದು ಒಂದೇ. ಆದರೆ ಎರಡರ ಸೆಟ್ ತಗೊಂಡರೆ ಅಗ್ಗ ಅಂತ ಹಾಕಿದ್ದರಲ್ಲ, ಅದಕ್ಕೆ ಮರುಳಾದೆ. ಎರಡೂ ಸೇರಿ ಒಂಬೈನೂರು ರೂಪಾಯಿ ಒಳಗೆ. ಬ್ರ್ಯಾಂಡ್ ಹೆಸರು ಬರೆಯಲ್ಲ, ಬರೆದರೂ ಪ್ರಯೋಜನ ಇಲ್ಲ, ಯಾಕಂದರೆ ಅದೇ ಡಬ್ಬ ಅದೇ ಹಸಿರು ಗೂಟದ ಸಮೇತ ಹತ್ತು ಹೆಸರಲ್ಲಿ ಮಾರಾಟಕ್ಕಿದೆ.

ಒಂದನ್ನು ನಮ್ಮ ಮನೆ ಹತ್ತಿರ ನೆಟ್ಟೆ. ನಮ್ಮದು ತೀರ್ಥಹಳ್ಳಿ ತಾಲೂಕು. ಅಡಿಕೆ ತೋಟ, ಒಂದಿಷ್ಟು ಗದ್ದೆ. ಇನ್ನೊಂದನ್ನು ಅಕ್ಕನ ಮನೆಗೆ ಹೋದಾಗ ಭಾವನ ಕೈಗೆ ಕೊಟ್ಟು ಬಂದೆ. ಅಕ್ಕನನ್ನು ಕೊಟ್ಟಿರೋದು ಚಳ್ಳಕೆರೆ ಕಡೆ, ಶೇಂಗಾ ಬೆಳೆಯೋ ಮನೆಗೆ. ಎರಡು ಊರಿಗೂ ನಡುವೆ ಇರೋದು ಸುಮಾರು ಇನ್ನೂರು ಕಿಲೋಮೀಟರ್. ಬೆಳಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಆದರೆ ಮಳೆ ಲೆಕ್ಕದಲ್ಲಿ ನೋಡಿದರೆ ಅದು ಬೇರೆ ದೇಶವೇ ಸರಿ. ನಮ್ಮ ಕಡೆ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಬೀಳುತ್ತೆ. ಇದೇ ತಾಲೂಕಿನ ಆಗುಂಬೆಯಲ್ಲಿ ಏಳು ಸಾವಿರ ದಾಟುತ್ತೆ. ಚಳ್ಳಕೆರೆಯಲ್ಲಿ ಐನೂರು ಮುಟ್ಟಿದರೆ ಅವತ್ತು ಹಬ್ಬ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳೋ ತಾಲೂಕುಗಳಲ್ಲಿ ಅದೂ ಒಂದು. ಅರಬ್ಬಿ ಸಮುದ್ರದಿಂದ ಬರೋ ಮೋಡ ಘಟ್ಟ ಹತ್ತುವಾಗಲೇ ನಮ್ಮ ತಲೆ ಮೇಲೆ ಸುರಿದು ಖಾಲಿಯಾಗಿ, ಚಿತ್ರದುರ್ಗದ ಗುಡ್ಡ ಮುಟ್ಟೋ ಹೊತ್ತಿಗೆ ಬರೀ ಗಾಳಿ ಉಳಿದಿರುತ್ತೆ. ಆ ಗಾಳಿಗೇ ಅಲ್ಲಿ ಫ್ಯಾನ್ ಕಂಬ ನಿಲ್ಲಿಸಿರೋದು.

ಹೀಗಾಗಿ ಒಂದೇ ಡಬ್ಬವನ್ನು ಎರಡು ತದ್ವಿರುದ್ಧ ಜಾಗದಲ್ಲಿ ಎರಡೂವರೆ ವರ್ಷ ಪರೀಕ್ಷೆ ಮಾಡಿದ ಹಾಗಾಯಿತು. ಇದು ಬರೀ ಡಬ್ಬದ ವಿಷಯ ಆಗಿ ಉಳಿಯಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಮೊದಲು ಅಳತೆ ಸರಿ ಇದೆಯಾ ಅನ್ನೋದು. ಬಾಯಿ ಅಳೆದೆ, 11.3 ಸೆಂಟಿಮೀಟರ್ ವ್ಯಾಸ. ಅಂದರೆ ಸರಿಯಾಗಿ 100 ಚದರ ಸೆಂಟಿಮೀಟರ್ ಬಾಯಿ. ಇಷ್ಟು ಬಾಯಿಗೆ 10 ಮಿಲಿಲೀಟರ್ ನೀರು ಬಿದ್ದರೆ ಅದು ಒಂದು ಮಿಲಿಮೀಟರ್ ಮಳೆ. ದನಕ್ಕೆ ಔಷಧಿ ಕುಡಿಸೋ ಸಿರಿಂಜ್ ತಗೊಂಡು 100 ಮಿಲಿ ಅಳೆದು ಹೊಯ್ದೆ. ಒಂದು ಡಬ್ಬ ಸರಿಯಾಗಿ 10 ತೋರಿಸಿತು. ಇನ್ನೊಂದು 9 ತೋರಿಸಿತು. ಒಂದೇ ಪೆಟ್ಟಿಗೆಯಲ್ಲಿ ಬಂದ ಅಣ್ಣ ತಮ್ಮ, ನೂರಕ್ಕೆ ಹತ್ತು ವ್ಯತ್ಯಾಸ! ಮಾರಿದವರಿಗೆ ಮೆಸೇಜ್ ಹಾಕಿದೆ. ನಮ್ಮ ಉತ್ಪನ್ನ ಇಷ್ಟವಾಯಿತೆಂದು ಸಂತೋಷ ಅಂತ ಉತ್ತರ ಬಂತು. ಸುಮ್ನಾದೆ.

ಸರಿ ಇರೋದನ್ನು ಚಳ್ಳಕೆರೆಗೆ ಕೊಟ್ಟೆ. ತಪ್ಪು ತೋರಿಸೋದನ್ನು ನಾನು ಇಟ್ಟುಕೊಂಡೆ, ನಮ್ಮೂರಲ್ಲಿ ಹತ್ತು ಮಿಲಿಮೀಟರ್ ಆಚೀಚೆ ಆದರೆ ಯಾರಿಗೆ ನಷ್ಟ ಅಂತ. ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. ಮೂರು ಸಾವಿರದಲ್ಲಿ ನೂರಕ್ಕೆ ಹತ್ತು ಅಂದರೆ ಮುನ್ನೂರು. ನನ್ನ ಡಬ್ಬ ವರ್ಷಕ್ಕೆ ಲೆಕ್ಕ ತಪ್ಪೋ ನೀರಲ್ಲಿ ಭಾವನ ಊರಿನ ಅರ್ಧ ವರ್ಷಕ್ಕಿಂತ ಜಾಸ್ತಿ ಮಳೆ ಇದೆ.

ನೆಡೋ ಜಾಗದ್ದೂ ದೊಡ್ಡ ಕತೆ. ಹತ್ತಿರದ ಮರ, ಗೋಡೆ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟಾದರೂ ದೂರದಲ್ಲಿ ಮಾಪಕ ಇಡಬೇಕು. ನಮ್ಮಲ್ಲಿ ಅಡಿಕೆ ಮರವೇ ಐವತ್ತು ಅಡಿ. ನೂರು ಅಡಿ ಬಯಲು ಎಲ್ಲಿಂದ ತರೋದು? ಕೊನೆಗೆ ಗದ್ದೆ ಅಂಚಿಗೆ ಒಯ್ದು ನೆಟ್ಟೆ. ಅಲ್ಲಿಗೂ ಗಾಳಿಗೆ ಸೋಗೆ ಬಂದು ಬೀಳುತ್ತೆ. ಚಳ್ಳಕೆರೆಯಲ್ಲಿ ಜಾಗಕ್ಕೆ ಕೊರತೆಯೇ ಇಲ್ಲ, ಎಲ್ಲಿ ನೆಟ್ಟರೂ ಕಣ್ಣಿಗೆ ಕಾಣೋವರೆಗೂ ಬಯಲು. ಆದರೆ ಮೊದಲ ವಾರವೇ ಕುರಿ ಮಂದೆ ಹಾದು ಹೋಗಿ ಗೂಟ ವಾಲಿತು. ಭಾವ ಸುತ್ತಲೂ ಜಾಲಿ ಮುಳ್ಳು ಒಟ್ಟಿದರು.

ಇನ್ನು ಮಳೆಗಾಲಕ್ಕೆ ಬರೋಣ. ಹವಾಮಾನ ಇಲಾಖೆಯವರು ಬೆಳಗ್ಗೆ ಎಂಟೂವರೆಯಿಂದ ಮರುದಿನ ಬೆಳಗ್ಗೆ ಎಂಟೂವರೆವರೆಗಿನ ಮಳೆಯನ್ನು ಒಂದು ದಿನದ ಮಳೆ ಅಂತ ಹಿಡೀತಾರೆ. ನಾನೂ ಹಾಗೇ ಮಾಡಿದೆ. ಅವರ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ಬಿದ್ದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. ಈ ಡಬ್ಬದ ಗೀಟು ನಿಲ್ಲೋದು 100ಕ್ಕೆ. ಅಂದರೆ ಅತಿ ಭಾರಿ ಮಳೆ ಅನ್ನೋದು ಈ ಡಬ್ಬದ ಪಾಲಿಗೆ ಇಲ್ಲವೇ ಇಲ್ಲ. 2024ರ ಜುಲೈಯಲ್ಲಿ ಬೆಳಗ್ಗೆ ಎದ್ದು ನೋಡಿದರೆ ಬಾಯಿವರೆಗೆ ತುಂಬಿ ನಿಂತಿರೋದು, ಎಷ್ಟು ಹೊರಗೆ ಹೋಯಿತೋ ದೇವರಿಗೇ ಗೊತ್ತು. ಆಮೇಲೆ ರಾತ್ರಿ ಹತ್ತಕ್ಕೆ ಒಂದು ಸಲ, ಬೆಳಗಿನ ಜಾವ ಒಂದು ಸಲ ಟಾರ್ಚ್ ಹಿಡಿದು ಹೋಗಿ ಓದಿ ಚೆಲ್ಲಿ ಬರೋಕೆ ಶುರು ಮಾಡಿದೆ. ಒಂದು ರಾತ್ರಿ ಡಬ್ಬದೊಳಗೆ ಕಪ್ಪೆ ಕೂತಿತ್ತು. ಕಪ್ಪೆ ಸಮೇತ 88. ಕಪ್ಪೆ ತೆಗೆದರೆ 79. ಯಾವುದು ಬರೆಯೋದು? ಅಪ್ಪ ಜಗಲಿಯಲ್ಲಿ ಕೂತು ನಗುತ್ತಿದ್ದರು. "ಎಂತ ಮಾರಾಯ, ನಿನ್ನ ಲೋಟದಲ್ಲಿ ಬರದಿದ್ರೆ ಮಳೆ ಅಲ್ವಾ ಅದು?"

ಅಪ್ಪನ ಮಾತಲ್ಲಿ ಹುರುಳಿದೆ. ನಮ್ಮ ಕಡೆ ಎಷ್ಟು ಮಳೆ ಬಿತ್ತು ಅಂತ ಯಾರೂ ಕೇಳಲ್ಲ. ಕೇಳೋದು "ಹೊಳ ಆಗುತ್ತಾ?" ಅಂತ. ಮಳೆ ನಡುವೆ ಸ್ವಲ್ಪ ಬಿಡುವು ಸಿಗೋದಕ್ಕೆ ಹೊಳ ಅನ್ನುತ್ತೇವೆ. ಆ ಹೊಳದ ಮೇಲೆ ಇಡೀ ತೋಟ ನಿಂತಿದೆ. ಅಡಿಕೆಗೆ ಕೊಳೆರೋಗ ಬರೋದು ಬಿಡದೆ ಹಿಡಿದ ಮಳೆಗೆ, ಅದೂ ನಡುನಡುವೆ ಒಂದಿಷ್ಟು ಬಿಸಿಲು ಕಾಣಿಸಿಕೊಂಡು ಮತ್ತೆ ಸೋನೆ ಹಿಡಿದರೆ ಮುಗೀತು, ಹಸಿರು ಕಾಯಿ ಬುಳುಬುಳು ಉದುರುತ್ತೆ. ಅದಕ್ಕೆ ಮದ್ದು ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನೂರು ವರ್ಷಕ್ಕೂ ಹಿಂದೆ ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಗೆ ಇದನ್ನು ಹೊಡೆದು ತೋರಿಸಿದರು, ಇವತ್ತಿಗೂ ಅದೇ ಗತಿ. ಮಳೆ ಹಿಡಿಯೋ ಮೊದಲು ಒಂದು ಸಲ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೀಬೇಕು. ಹೊಡೆದ ಮೇಲೆ ಅದು ಅಡಿಕೆ ಗೊನೆಗೆ ಅಂಟಿ ಒಣಗೋಕೆ ಹೊತ್ತು ಬೇಕಲ್ವಾ? ಆ ಹೊತ್ತೇ ಹೊಳ.

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ನಮ್ಮಲ್ಲಿ ಇನ್ನೂ ಮೈಲುತುತ್ತದ ಚೀಲ ಬಿಚ್ಚಿರಲಿಲ್ಲ. ಮರ ಹತ್ತುವವರು ಜೂನ್ ಮೊದಲ ವಾರಕ್ಕೆ ಬರುತ್ತೇವೆ ಅಂದಿದ್ದರು. ಡಬ್ಬ ಮೇ ತಿಂಗಳಲ್ಲೇ ತುಂಬಿತು. ಪುಸ್ತಕದಲ್ಲಿ ಸೊನ್ನೆ ಬರೆದ ದಿನಕ್ಕಾಗಿ ಕಾದು ಕೂತೆವು. ಒಟ್ಟು ಮಳೆ ಆ ತಿಂಗಳು ಎಷ್ಟಾಯಿತು ಅಂತ ಕೇಳಿದರೆ ನನಗೆ ನೆನಪಿಲ್ಲ, ಪುಸ್ತಕ ತೆಗೆದು ನೋಡಬೇಕು. ಒಣ ದಿನ ಎಷ್ಟು ಸಿಕ್ಕಿತು ಅಂತ ಕೇಳಿ, ತಕ್ಷಣ ಹೇಳುತ್ತೇನೆ. ಎರಡು. ಅದರಲ್ಲಿ ಒಂದು ಭಾನುವಾರ, ಒಬ್ಬರೂ ಸಿಗಲಿಲ್ಲ.

ಇನ್ನು ಚಳ್ಳಕೆರೆ ಕಡೆಯ ವರದಿ. ಭಾವ ಮೊದಲು ಈ ಡಬ್ಬವನ್ನು ಲೆಕ್ಕಕ್ಕೇ ಇಡಲಿಲ್ಲ. ಅವರ ಮಾಪಕ ಬೇರೆ. ಮಳೆ ಬಂದ ಮರುದಿನ ಹೊಲಕ್ಕೆ ಹೋಗಿ ನೆಲ ಬಗೆದು ನೋಡೋದು. ಒಂದು ಗೇಣು ಹಸಿ ಇಳಿದಿದ್ದರೆ ಹದ ಮಳೆ, ಕೂರಿಗೆ ಕಟ್ಟಬಹುದು. ನಾಲ್ಕು ಬೆರಳು ಮಾತ್ರ ಹಸಿ ಆಗಿದ್ದರೆ ಮನೆಗೆ ವಾಪಸ್. ನಾನು ಓದಿದವನ ಥರ ಇಪ್ಪತ್ತೈದು ಮಿಲಿಮೀಟರ್ ಬಿದ್ದರೆ ಬಿತ್ತಬಹುದಂತೆ ಅಂದೆ. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್, ಎಕರೆಗೆ ನಾಲ್ಕು ಸಾವಿರ ಲೀಟರ್ ಮೇಲೆ, ಹಾಗಾಗಿ ಇಪ್ಪತ್ತೈದಕ್ಕೆ ಎಕರೆಗೆ ಒಂದು ಲಕ್ಷ ಲೀಟರ್ ನೀರು ಅಂತೆಲ್ಲ ಹೇಳಿದೆ. ಭಾವ ಕೇಳಿಸಿಕೊಂಡರು, ಏನೂ ಹೇಳಲಿಲ್ಲ.

ಜುಲೈ ಮೊದಲ ವಾರ ಫೋನ್ ಮಾಡಿದರು. "ನಿನ್ನ ಡಬ್ಬ 26 ಅಂತೈತೆ. ಹೊಲದಾಗೆ ನಾಕು ಬಳ್ಳು ಹಸಿ ಇಲ್ಲ ಕಣಪ್ಪ." ಏನಾಗಿತ್ತು ಅಂದರೆ, ಸಂಜೆ ಇಪ್ಪತ್ತು ನಿಮಿಷ ಗುಡುಗು ಸಮೇತ ಹೊಡೆದು ನಿಂತಿತ್ತು. ಕೆಂಪು ಮಣ್ಣು ಮೇಲೆ ಹೆಪ್ಪುಗಟ್ಟಿ ನೀರೆಲ್ಲ ಬದುವಿಗೆ ಹೋಗಿ ಹಳ್ಳ ಸೇರಿತ್ತು. ಹತ್ತು ದಿನ ಬಿಟ್ಟು ಮತ್ತೆ ಫೋನ್. ಈ ಸಲ 22. ಆದರೆ ರಾತ್ರಿಯೆಲ್ಲ ಜಿನುಗಿದ ಮಳೆ, ಗೇಣು ಹಸಿ ಇಳಿದಿತ್ತು. ಅವತ್ತು ಬಿತ್ತಿದರು. ಡಬ್ಬ ಜಾಸ್ತಿ ಅಂದಾಗ ಬಿತ್ತಲಿಲ್ಲ, ಕಡಿಮೆ ಅಂದಾಗ ಬಿತ್ತಿದರು. ಇದು ಡಬ್ಬದ ದೋಷ ಅಂತ ಹೇಳೋಕಾಗಲ್ಲ, ಬಿದ್ದಷ್ಟನ್ನು ಅದು ಹಿಡಿಯುತ್ತೆ. ಎಷ್ಟು ಹೊತ್ತಲ್ಲಿ ಬಿತ್ತು ಅನ್ನೋದು ಅದಕ್ಕೆ ಗೊತ್ತಿಲ್ಲ. ಬಿತ್ತನೆಗೆ ಮಾಪಕ ತಗೊಳ್ಳೋರು ಇದನ್ನು ನೆನಪಿಡಿ, ಜೊತೆಗೆ ಕೈಯಲ್ಲಿ ಒಂದು ಕುಡುಗೋಲೂ ಇರಲಿ.

ಇನ್ನೊಂದು ತೊಂದರೆ ನಮ್ಮಲ್ಲಿ ಯಾವತ್ತೂ ಕಾಣದ್ದು. ಮಧ್ಯಾಹ್ನ ಎರಡು ಗಂಟೆಗೆ ಮೂರು ಮಿಲಿಮೀಟರ್ ಬಿದ್ದರೆ, ಸಂಜೆವರೆಗಿನ ಬಿಸಿಲಿಗೆ, ಆ ಗಾಳಿಗೆ, ಮರುದಿನ ಬೆಳಗ್ಗೆ ನೋಡೋ ಹೊತ್ತಿಗೆ ಎರಡಾಗಿರುತ್ತೆ. 2.5 ಮಿಲಿಮೀಟರ್ ಬಿದ್ದರೆ ಅದು ಮಳೆ ದಿನ, ಅದಕ್ಕಿಂತ ಕಡಿಮೆ ಬಿದ್ದರೆ ಆ ದಿನ ಲೆಕ್ಕಕ್ಕಿಲ್ಲ ಅನ್ನೋದು ಇಲಾಖೆ ನಿಯಮ. ಅಂದರೆ ನಮ್ಮ ಡಬ್ಬ ಬಿಸಿಲಲ್ಲಿ ಒಂದು ಮಳೆ ದಿನವನ್ನೇ ಕುಡಿದು ಬಿಡುತ್ತೆ! ಭಾವ ಮೊದಮೊದಲು ಮಳೆ ನಿಂತ ತಕ್ಷಣ ಓಡಿ ಹೋಗಿ ನೋಡುತ್ತಿದ್ದರು. ಆಮೇಲೆ ಒಂದು ಹನಿ ಅಡುಗೆ ಎಣ್ಣೆ ಬಿಟ್ಟರು. ಎಣ್ಣೆ ಮೇಲೆ ತೇಲಿ ನೀರು ಆರೋದು ನಿಂತಿತು. ಎಣ್ಣೆ ಗಿರಣಿಗಳ ಊರಿನವರು ನೋಡಿ, ಹೊಳೆದಿದ್ದೂ ಎಣ್ಣೆಯೇ. ಒಂದೇ ಗೋಳು, ಇರುವೆ ಬರುತ್ತೆ.

ಈಗ 2023ರ ಕತೆ. ಆ ವರ್ಷದ ಆಗಸ್ಟ್ ಎಲ್ಲರಿಗೂ ನೆನಪಿರಬೇಕು. 1901ರಿಂದ ಲೆಕ್ಕ ಇಟ್ಟಿರೋದರಲ್ಲಿ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಕೊನೆಗೆ ರಾಜ್ಯದ 236 ತಾಲೂಕಿನಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಆಶ್ಲೇಷ ಮಳೆ ಈಸಲಾರದ ಹೊಳೆ ಅನ್ನುತ್ತಾರಲ್ಲ, ಭಾವನ ಪುಸ್ತಕದಲ್ಲಿ ಆಶ್ಲೇಷ ಇಡೀ ಸೊನ್ನೆ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ಮಘೆಯಲ್ಲಿ ಬಿದ್ದಿದ್ದು 4 ಮಿಲಿಮೀಟರ್. ಪುಸ್ತಕ ಅಂದರೆ ಅಕ್ಕ ಹಾಲಿನ ಲೆಕ್ಕ ಬರೆಯೋ ಪುಸ್ತಕದ ಹಿಂದಿನ ಹಾಳೆ. ಎಡಗಡೆ ಹಾಲು, ಬಲಗಡೆ ಮಳೆ. ಹಾಲಿನ ಲೀಟರೂ ದಿನದಿನಕ್ಕೆ ಇಳಿಯುತ್ತಾ ಬಂದಿರೋದು ಪಕ್ಕಪಕ್ಕದಲ್ಲೇ ಕಾಣುತ್ತೆ.

ಶೇಂಗಾ ಬಿತ್ತಿ ನಲವತ್ತು ದಿನ ಆಗಿತ್ತು. ಆ ಹೊತ್ತಲ್ಲಿ ಹೂವಿನ ಬುಡದಿಂದ ಸೂಜಿಯಂಥದ್ದು ಹೊರಟು ನೆಲಕ್ಕೆ ಇಳಿಯುತ್ತೆ. ನೆಲದೊಳಗೆ ಹೋದ ಮೇಲೆ ತಾನೇ ಅದು ಕಾಯಿ ಆಗೋದು? ನೆಲ ಗಟ್ಟಿಯಾಗಿದ್ದರೆ ಸೂಜಿ ಇಳಿಯಲ್ಲ. ನಾನು ಆಗಸ್ಟ್ ಕೊನೆಗೆ ಹೋಗಿದ್ದೆ. ಭಾವ ಒಂದು ಗಿಡದ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಎಲೆ ಸರಿಸಿ ತೋರಿಸಿದರು. ಎಲೆ ಹಸಿರೇ ಇತ್ತು, ಸ್ವಲ್ಪ ಮುದುಡಿತ್ತು. ಒಳಗೆ ಏಳೆಂಟು ಸೂಜಿ ನೆಲ ಮುಟ್ಟಿ, ತುದಿ ಕಪ್ಪಾಗಿ, ಅಲ್ಲೇ ನಿಂತಿತ್ತು. ಉಗುರಲ್ಲಿ ಮಣ್ಣು ಕೆರೆದರೆ ಬಿಸ್ಕತ್ತಿನ ಥರ ಎದ್ದು ಬಂತು. ಎಕರೆಗೆ ಎಂಟು ಹತ್ತು ಚೀಲ ಆಗೋ ಕಡೆ ಆ ವರ್ಷ ಒಂದೂವರೆ ಚೀಲ ಆಯಿತು. ಬದುವಿನ ಪಕ್ಕ ಅಕ್ಕ ಹಠ ಹಿಡಿದು ಹಾಕಿಸಿದ್ದ ಅರ್ಧ ಎಕರೆ ಸಾಮೆ ಮಾತ್ರ ಮನೆಗೆ ಬಂತು. ಶೇಂಗಾ ನಡುವಿನ ಅಕ್ಕಡಿ ಸಾಲಿನ ತೊಗರಿ ಕೂಡ ಬೇರು ಕೆಳಗೆ ಬಿಟ್ಟು ಹೇಗೋ ಬದುಕಿಕೊಂಡಿತು.

ಹಾಗಾದರೆ ಸಾಮೆ, ನವಣೆಯನ್ನೇ ಹಾಕಬಹುದಲ್ಲ ಅಂತ ಪೇಟೆಯವರು ಕೇಳುತ್ತಾರೆ. ನಾನೂ ಕೇಳಿದ್ದೆ. ಅಕ್ಕ ಹೇಳಿದ್ದು, "ಸಾಮೆ ಉಣ್ಣಾಕೆ, ಶೇಂಗಾ ಫೀಸ್ ಕಟ್ಟಾಕೆ." ಮಳೆ ಕಡಿಮೆ ಇರೋ ಕಡೆ ಏನು ಬೆಳೆಯುತ್ತೆ ಅನ್ನೋದನ್ನು ಮಳೆ ಹೇಳುತ್ತೆ ನಿಜ, ಆದರೆ ಅದರಲ್ಲಿ ಯಾವುದನ್ನು ಬಿತ್ತಬೇಕು ಅನ್ನೋದನ್ನು ಮಂಡಿ ರೇಟು ಹೇಳುತ್ತೆ.

2024ರಲ್ಲಿ ಇದರ ಉಲ್ಟಾ. ಜೂನ್‌ನಿಂದ ಅಕ್ಟೋಬರ್‌ವರೆಗೆ ಭಾವನ ಪುಸ್ತಕದಲ್ಲಿ 520. ಹಿಂದಿನ ವರ್ಷ ಅಷ್ಟೇ ದಿನಕ್ಕೆ 214. ಬೆಳೆ ನಿಂತಾಗ ಫೋಟೋ ಮೇಲೆ ಫೋಟೋ ಕಳಿಸಿದರು, ಗಿಡ ಮೊಣಕಾಲವರೆಗೆ. ಅಕ್ಟೋಬರಲ್ಲಿ ಕಿತ್ತು ಹೊಲದಲ್ಲಿ ಒಟ್ಟಿದ್ದರು, ಚಿತ್ತೆ ಮಳೆ ಹಿಡಿಯಿತು. ಅವರು ಹಾಕೋದು ಟಿಎಂವಿ-2, ಶೇಂಗಾದ ಹಳೇ ತಳಿ. ಅದಕ್ಕೆ ಒಂದು ದೊಡ್ಡ ಕೆಟ್ಟ ಗುಣ, ಬಲಿತ ಮೇಲೆ ಹಸಿ ಸಿಕ್ಕರೆ ಸಾಕು, ಬೀಜ ಸುಮ್ನೆ ಕೂರಲ್ಲ, ಅಲ್ಲೇ ಮೊಳಕೆ ಒಡೆಯುತ್ತೆ. ಕೀಳದೆ ಬಿಟ್ಟ ಹೊಲದಲ್ಲಂತೂ ನೆಲದೊಳಗೇ ಹೊಸ ಪೈರು. ಕಾಯಿ ಕಪ್ಪು, ಹೊಟ್ಟು ಕೊಳೆತು ಕುರಿಗೂ ಬೇಡವಾಯಿತು. ಆದರೆ ಅದೇ ಭಾವನಿಗೆ ವೇದಾವತಿ ಹೊಳೆ ಕಡೆ ಎರಡು ಎಕರೆ ಎರೆ ಹೊಲ ಇದೆ. ಅದೇ ಚಿತ್ತೆ ಮಳೆಯ ನೀರನ್ನು ಆ ಕಪ್ಪು ಮಣ್ಣು ಕುಡಿದು ಹೊಟ್ಟೆಯಲ್ಲಿಟ್ಟುಕೊಂಡಿತು. ಅದರ ಮೇಲೆ ಹಿಂಗಾರಿ ಕಡಲೆ ಹಾಕಿದರು. ಆಮೇಲೆ ಹೇಳಿಕೊಳ್ಳೋ ಮಳೆ ಬರಲಿಲ್ಲ, ಬೇಕಾಗಲೂ ಇಲ್ಲ. ಬರೀ ಒಳ ಹಸಿ, ರಾತ್ರಿ ಇಬ್ಬನಿ, ಅಷ್ಟರಲ್ಲೇ ಕಡಲೆ ಆಯಿತು. ಒಂದೇ ಡಬ್ಬ, ಒಂದೇ ದಿನದ ಓದು. ಒಂದು ಹೊಲಕ್ಕೆ ಸಾವು, ಒಂದಕ್ಕೆ ಹೊಟ್ಟೆ ತುಂಬ ಊಟ.

ಹಾಗಾಗಿ ನನ್ನ ಪ್ರಕಾರ ಈ ಡಬ್ಬದಲ್ಲಿ ಉಪಯೋಗಕ್ಕೆ ಬರೋ ಓದು ಯಾವುದು ಗೊತ್ತಾ? ಸೊನ್ನೆ. ತಮಾಷೆ ಅಲ್ಲ. ವರ್ಷದ ಮೊತ್ತ ಹಿಡಕೊಂಡು ನಾನಾಗಲಿ ಭಾವನಾಗಲಿ ಒಂದು ಕೆಲಸವನ್ನೂ ಮಾಡಿಲ್ಲ. ಕೆಲಸ ಮಾಡಿದ್ದೆಲ್ಲ ಸೊನ್ನೆ ಎಣಿಸಿ. ನನಗೆ ಜುಲೈಯಲ್ಲಿ ಎರಡು ಸೊನ್ನೆ ಒಟ್ಟಿಗೆ ಸಿಕ್ಕರೆ ಔಷಧಿ ಹೊಡೆಸುತ್ತೇನೆ. ಅವರಿಗೆ ಆಗಸ್ಟಲ್ಲಿ ಹದಿನೈದು ಸೊನ್ನೆ ಒಟ್ಟಿಗೆ ಬಂದರೆ ಕುರಿ ಮಾರುತ್ತಾರೆ. ಮಳೆ ಬರದ ದಿನ ಡಬ್ಬ ನೋಡೋಕೆ ಯಾರು ಹೋಗುತ್ತಾರೆ ಹೇಳಿ? ಆದರೆ ಹೋಗಬೇಕು, ಸೊನ್ನೆ ಅಂತ ಬರೀಬೇಕು. ಪೆಟ್ಟಿಗೆ ಜೊತೆ ಬಂದ ಚೀಟಿಯಲ್ಲಿ ಇದನ್ನು ಬರೆದಿಲ್ಲ. ಅದರಲ್ಲಿ ಬರೆದಿರೋದು ಮಕ್ಕಳಿಂದ ದೂರವಿಡಿ ಅಂತ.

ಇಲ್ಲೊಂದು ಬೇರೆ ಮಾತು. ನಮ್ಮ ಊರಿಂದ ಅಲ್ಲಿಗೆ ಹೋಗೋ ದಾರಿಯಲ್ಲಿ ಹೊಳೆಹೊನ್ನೂರು ಸುತ್ತ ಭದ್ರಾ ನಾಲೆಯ ಗದ್ದೆ, ತೋಟ ಸಿಗುತ್ತೆ. ಹೊಳಲ್ಕೆರೆ ಕಡೆ ಮೆಕ್ಕೆಜೋಳದ ನಡುವೆ ಅಡಿಕೆ. ಮೊದಲೆಲ್ಲ ಚಿತ್ರದುರ್ಗ ದಾಟಿದ ಮೇಲೆ ಅಡಿಕೆ ಸಸಿ ಕಂಡರೆ ಆಶ್ಚರ್ಯ ಆಗುತ್ತಿತ್ತು. ಈಗ ಚಳ್ಳಕೆರೆ ತಾಲೂಕಿನಲ್ಲೂ ಅಲ್ಲಲ್ಲಿ ಎದ್ದಿದೆ, ಎಲ್ಲ ಬೋರ್‌ವೆಲ್ ಮೇಲೆ. ಭಾವನೂ ಹೋದ ವರ್ಷ ಒಂದು ಎಕರೆ ಹಾಕೋಣ ಅಂತ ಕೇಳಿದರು, ಸಸಿ ನೀನೇ ತಂದುಕೊಡು ಅಂತ. ಇಬ್ಬರೂ ಕೂತು ಅದೇ ಹಾಲಿನ ಪುಸ್ತಕದ ಮೇಲೆ ಲೆಕ್ಕ ಹಾಕಿದೆವು. ಒಂಬತ್ತು ಅಡಿಗೆ ಒಂದರಂತೆ ಎಕರೆಗೆ ಸುಮಾರು 550 ಗಿಡ. ಹನಿ ನೀರಾವರಿಯಲ್ಲೂ ಬೇಸಿಗೆಯಲ್ಲಿ ಬೆಳೆದ ಗಿಡಕ್ಕೆ ದಿನಕ್ಕೆ 20 ಲೀಟರ್ ಹಿಡೀಬೇಕು. ದಿನಕ್ಕೆ 11,000 ಲೀಟರ್ ಆಯಿತು. ಅಲ್ಲಿ ವರ್ಷದಲ್ಲಿ ಇನ್ನೂರು ದಿನವಾದರೂ ಹೀಗೆ ಕೊಡಬೇಕು. ಒಟ್ಟು 22 ಲಕ್ಷ ಲೀಟರ್. ಇದನ್ನು ಎಕರೆ ಮೇಲೆ ಹರಡಿದರೆ 540 ಮಿಲಿಮೀಟರ್ ಮಳೆ. ಅಂದರೆ ಆ ಎಕರೆ ಮೇಲೆ ಇಡೀ ವರ್ಷ ಬಿದ್ದ ಒಂದೊಂದು ಹನಿಯನ್ನೂ ಬಿಡದೆ ಹಿಡಿದಿಟ್ಟರೂ ಸಾಲಲ್ಲ, ಪಕ್ಕದ ಹೊಲದವನ ಪಾಲೂ ಬೇಕು. ಭಾವ ಪೆನ್ನು ಕೆಳಗಿಟ್ಟರು. ಹಾಕಲಿಲ್ಲ. ಈ ಡಬ್ಬ ಕೊಟ್ಟಿದ್ದಕ್ಕೆ ಇದೊಂದಾದರೂ ಆಯಿತಲ್ಲ ಅಂತ ನನಗೆ ಸಮಾಧಾನ. ಆದರೆ ಅವರ ಪಕ್ಕದವರು ಹಾಕಿದ್ದಾರೆ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ವೇದಾವತಿ ತುಂಬಿ ಹರಿಯಿತಲ್ಲ, ಆ ನೀರು ನೋಡಿದವರಿಗೆ ಇನ್ನು ಯಾವ ಲೆಕ್ಕವೂ ಕಾಣಲ್ಲ.

ನಮ್ಮಲ್ಲಿ ಮಾತ್ರ ಎಲ್ಲ ಚೆನ್ನಾಗಿದೆ ಅಂತಲ್ಲ. ಮಲೆನಾಡಿನ ಅಡಿಕೆಗೆ ಎಲೆಚುಕ್ಕೆ ರೋಗ ಬಂದು ಕೆಲವು ಕಡೆ ತೋಟ ತೋಟವೇ ಹಳದಿಯಾಗಿದೆ. ಅಲ್ಲಿ ನೀರಿಲ್ಲ, ಇಲ್ಲಿ ನೀರು ಬಿಡಲ್ಲ.

ಸರ್ಕಾರದ್ದೇ ಮಳೆಮಾಪಕ ಇದೆಯಲ್ಲ, ನಿಮ್ಮದು ಯಾಕೆ ಅಂತ ಕೇಳಬಹುದು. ನಿಜ. ಹೆಚ್ಚುಕಡಿಮೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕ ಇದೆ, ಒಟ್ಟು ಆರು ಸಾವಿರಕ್ಕೂ ಜಾಸ್ತಿ. ಹದಿನೈದು ನಿಮಿಷಕ್ಕೊಮ್ಮೆ ತಾನಾಗಿಯೇ ಲೆಕ್ಕ ಕಳಿಸುತ್ತೆ. ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಮಳೆ ವಿವರ ಹೇಳುತ್ತಾರೆ. ಒಳ್ಳೆ ವ್ಯವಸ್ಥೆ, ನಾನೂ ಬಳಸುತ್ತೇನೆ. ಹವಾಮಾನ ಆಧಾರಿತ ಬೆಳೆ ವಿಮೆಗೆ ನೋಡೋದೂ ಆ ಲೆಕ್ಕವನ್ನೇ, ನಮ್ಮ ಡಬ್ಬದ ಲೆಕ್ಕ ಯಾರಿಗೂ ಬೇಡ. ಆದರೆ ಅವರ ಮಾಪಕದಿಂದ ಭಾವನ ಹೊಲಕ್ಕೆ ನಾಲ್ಕು ಕಿಲೋಮೀಟರ್. ಮಲೆನಾಡಲ್ಲಿ ನಾಲ್ಕು ಕಿಲೋಮೀಟರ್ ದೊಡ್ಡದಲ್ಲ, ಜಡಿ ಹಿಡಿದರೆ ಇಡೀ ಸೀಮೆಗೆ ಹಿಡಿಯುತ್ತೆ. ಅಲ್ಲಿ ಹಾಗಲ್ಲ. ಒಂದು ದಿನ ಪಂಚಾಯಿತಿ ಮಾಪಕ 31 ಅಂತು, ಭಾವನ ಡಬ್ಬದಲ್ಲಿ 6. ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ಒಣಗಿರುತ್ತೆ ನಮ್ಮ ಮಳೆಗೆ ಅಂತ ಭಾವ ಹೇಳೋದು ಇದಕ್ಕೇ.

ಬಾಳಿಕೆ ಬಗ್ಗೆ. ನಮ್ಮ ಡಬ್ಬ ಒಡೆದಿಲ್ಲ, ಆದರೆ ಒಳಗೆಲ್ಲ ಪಾಚಿ ಕಟ್ಟಿ ಹಸಿರಾಗಿದೆ. ವಾರಕ್ಕೊಮ್ಮೆ ಬ್ರಷ್ ಹಾಕಿ ತಿಕ್ಕಬೇಕು. ತಿಕ್ಕಿ ತಿಕ್ಕಿ ಗೀಟು ಅಳಿಸಿ ಹೋಯಿತು. ಈಗ ಉಗುರು ಬಣ್ಣದಲ್ಲಿ ನಾನೇ ಗೀಟು ಎಳೆದಿದ್ದೇನೆ, ಸಿರಿಂಜಲ್ಲಿ ಅಳೆದು ಸರಿ ಮಾಡಿ, ಹೀಗಾಗಿ ಕಂಪನಿ ಕೊಟ್ಟಿದ್ದಕ್ಕಿಂತ ಈಗಿನದೇ ಸರಿಯಾಗಿದೆ. ಚಳ್ಳಕೆರೆಯಲ್ಲಿ ಪಾಚಿ ಅನ್ನೋದೇ ಇಲ್ಲ, ಆದರೆ ಎರಡನೇ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹಳದಿಯಾಗಿ, ಮೂರನೇ ಬೇಸಿಗೆಯಲ್ಲಿ ಬುಡದಿಂದ ಮೇಲಕ್ಕೆ ಸೀಳು ಬಿಟ್ಟಿತು. ಭಾವ ಎಂ-ಸೀಲ್ ಮೆತ್ತಿದ್ದಾರೆ. ಸುಮಾರಾಗಿ ನಿಂತಿದೆ. ಮಳೆ ಅಳೆಯೋ ಸಾಮಾನು ಮಳೆ ಇಲ್ಲದ ಕಡೆ ಬೇಗ ಹಾಳಾಗಿದ್ದು ನೋಡಿ ಅಪ್ಪನಿಗೆ ಭಾರಿ ಖುಷಿ. ಅವರು ಇವತ್ತಿಗೂ ಮಳೆಯಲ್ಲಿ ಗದ್ದೆಗಿಳಿಯೋದು ಭಾವ ಚಳ್ಳಕೆರೆ ಸಂತೆಯಿಂದ ತಂದುಕೊಟ್ಟ ಕಂಬಳಿಯ ಕೊಪ್ಪೆ ಹಾಕಿಕೊಂಡು. ಅದು ಹದಿನಾಲ್ಕು ವರ್ಷದ್ದು, ಒಂದು ತೂತಿಲ್ಲ. ಮಳೆ ಇಲ್ಲದ ಊರಿನ ಕುರಿ ಉಣ್ಣೆ ಮಳೆ ಊರಿನವರ ಬೆನ್ನು ಕಾಯುತ್ತೆ, ನಿನ್ನ ಪ್ಲಾಸ್ಟಿಕ್ ಎಂತಕ್ಕೆ ಅಂತಾರೆ. ಉತ್ತರ ಇಲ್ಲ.

ತಗೊಳ್ಳಬೇಕಾ ಅಂತ ಕೇಳಿದರೆ, ಬಯಲುಸೀಮೆಯವರು ತಗೊಳ್ಳಿ, 100 ಮಿಲಿಮೀಟರ್ ಧಾರಾಳ ಸಾಕು. ಗೀಟು ಅಗಲವಾಗಿ, ಒಂದೊಂದು ಮಿಲಿಮೀಟರೂ ಬೇರೆ ಬೇರೆ ಕಾಣೋ ಹಾಗೆ ಇರೋದು ನೋಡಿ. ಬೇಸಿಗೆಯಲ್ಲಿ ಬಿಚ್ಚಿ ಮನೆಯೊಳಗೆ ಇಡಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಮಲೆನಾಡಿನವರು, ಕರಾವಳಿಯವರು ಇದನ್ನು ತಗೊಳ್ಳಬೇಡಿ, ಒಂದೂವರೆಗಿಂತ ಜಾಸ್ತಿ ಕೊಡಲಾರೆ. ಒಳಗೊಂದು ಕೊಳವೆ, ಹೊರಗೆ ಇನ್ನೊಂದು ಡಬ್ಬ, ಒಳಗಿನದು ತುಂಬಿದರೆ ಹೊರಗಿನದಕ್ಕೆ ಬೀಳೋ ಥರದ್ದು ಸಿಗುತ್ತೆ, ಬೆಲೆ ಜಾಸ್ತಿ. ಅದೂ ಬೇಡ ಅಂದರೆ ನೆಟ್ಟಗಿನ ಅಂಚಿನ ದೊಡ್ಡ ಡಬ್ಬಿ ಒಂದನ್ನು ಬಯಲಲ್ಲಿಟ್ಟು ಬೆಳಗ್ಗೆ ಸ್ಕೇಲ್ ಅದ್ದಿ ನೋಡಿ, ಅದೇ ಮಿಲಿಮೀಟರ್. ಬಾಯಿ, ಬುಡ ಎರಡೂ ಒಂದೇ ಅಗಲ ಇರಬೇಕು ಅಷ್ಟೇ. ನಮ್ಮ ಅಜ್ಜಿ ಅಂಗಳದ ಒರಳುಕಲ್ಲು ತುಂಬಿತು, ಇನ್ನು ನಾಟಿಗೆ ಆಳು ಹೇಳು ಅನ್ನುತ್ತಿದ್ದರು. ಒರಳಿನ ಬುಡ ಕಿರಿದು, ಹಾಗಾಗಿ ಅಳತೆ ತಪ್ಪು. ನಾಟಿ ಮಾತ್ರ ಯಾವ ವರ್ಷವೂ ತಪ್ಪಿದ್ದು ನೆನಪಿಲ್ಲ.

ನಾನು ಈಗ 300 ಮಿಲಿಮೀಟರ್ ಹಿಡಿಯೋದೊಂದು ನೋಡಿಟ್ಟಿದ್ದೇನೆ. ಬಳಸಿದವರು ಯಾರಾದರೂ ಇದ್ದರೆ ಹೇಳಿ, ಮುಖ್ಯವಾಗಿ ಕಪ್ಪೆ ಒಳಗೆ ಹೋಗದ ಹಾಗೆ ಬಾಯಿಗೆ ಜಾಲರಿ ಇದೆಯಾ ಅಂತ.